ಸಂಸಾರವಂದಿಗ ನೌಕರರು ಮತ್ತು ಯಜಮಾನರ ಹೊಣೆ: ಕಾನೂನು, ಧರ್ಮ, ವ್ಯಾಪಾರ ಮೂರರ ಲೆಕ್ಕ

ಕೋಲಾರ ಜಿಲ್ಲೆಯ ಮುಳಬಾಗಿಲು ಆಂಧ್ರದ ಗಡಿಗೆ ಹತ್ತಿರವಿರುವ ವ್ಯಾಪಾರದ ಊರು. ಆವಣಿ, ಬೈರಕೂರು, ತಾಯಲೂರು, ದುಗ್ಗಸಂದ್ರ ಹೋಬಳಿಗಳ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ಹೆಂಗಸರು, ಗಂಡಸರು ಪೇಟೆಯ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಚಿನ್ನ ಬೆಳ್ಳಿ ಅಂಗಡಿ, ದಿನಸಿ ಮಳಿಗೆ, ಔಷಧಿ ಅಂಗಡಿಗಳಲ್ಲಿ ಕೆಲಸ ಮಾಡುತ್ತಾರೆ. ಇನ್ನು ಕೆಲವರು ಹೆದ್ದಾರಿ ಹಿಡಿದು ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಹೋಗುತ್ತಾರೆ. ಮುಳಬಾಗಿಲಿಗೆ ರೈಲು ಇಲ್ಲದ ಕಾರಣ ಎಲ್ಲರಿಗೂ ಬಸ್ಸೇ ಆಧಾರ. ಬೆಳಿಗ್ಗೆ ಮನೆ ಬಿಡುವ ಹೊತ್ತು, ರಾತ್ರಿ ಮನೆ ಸೇರುವ ಹೊತ್ತು ಎರಡನ್ನೂ ಬಸ್ಸೇ ನಿರ್ಧರಿಸುತ್ತದೆ.

ಹೀಗೆ ಕೆಲಸಕ್ಕೆ ಬರುವ ಪ್ರತಿಯೊಬ್ಬರ ಹಿಂದೆ ಒಂದು ಸಂಸಾರವಿದೆ. ಎದೆಹಾಲು ಬಿಡದ ಮಗು, ಶಾಲೆಗೆ ಹೋಗುವ ಮಕ್ಕಳು, ಮಂಡಿನೋವಿನ ಅತ್ತೆ, ಸಕ್ಕರೆ ಕಾಯಿಲೆಯ ತಂದೆ ಮನೆಯಲ್ಲಿದ್ದಾರೆ. ಕೆಲಸ ಕೊಡುವವರು ಸಾಮಾನ್ಯವಾಗಿ ನೌಕರನ ಕೈ ಕೆಲಸವನ್ನಷ್ಟೇ ನೋಡುತ್ತಾರೆ. ಅವನ ಹೆಗಲ ಮೇಲಿನ ಈ ಹೊರೆ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಜೈನ ಸಮಾಜದಲ್ಲಿ ವ್ಯಾಪಾರಸ್ಥರು ಹೆಚ್ಚು. ಮನೆಗೊಂದು ಅಂಗಡಿ, ಅಂಗಡಿಗೆ ನಾಲ್ಕೈದು ಜನ ನೌಕರರು ಎಂಬುದು ರಾಜ್ಯದ ಬಹಳಷ್ಟು ಊರುಗಳಲ್ಲಿ ಕಾಣುವ ಸಂಗತಿ. ಆದ್ದರಿಂದ ಸಂಸಾರದ ಹೊಣೆ ಹೊತ್ತ ನೌಕರರ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ, ಧರ್ಮ ಏನು ಹೇಳುತ್ತದೆ, ವ್ಯಾಪಾರದ ದೃಷ್ಟಿಯಿಂದ ಯಾವುದು ಸರಿ ಎಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ಹೊರೆ ಎಷ್ಟು?

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು ಕೊಡುವುದು 88 ನಿಮಿಷ. ಅಂದರೆ ಅಂಗಡಿಯಲ್ಲಿ ಎಂಟು ಒಂಬತ್ತು ಗಂಟೆ ನಿಂತು ಬರುವ ಹೆಣ್ಣುಮಗಳಿಗೆ ಮನೆಯಲ್ಲಿ ಇನ್ನೊಂದು ಅರ್ಧ ದಿನದ ಕೆಲಸ ಕಾದಿರುತ್ತದೆ. ಮಗುವಿಗೆ ಜ್ವರ ಬಂದರೆ ರಜೆ ಕೇಳುವವಳು ಹೆಚ್ಚಾಗಿ ಅವಳೇ. ಕೆಲಸ ಕಳೆದುಕೊಳ್ಳುವವಳೂ ಅವಳೇ.

ಈ ಸಮಸ್ಯೆ ಒಂದು ಊರಿನದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1981ರಲ್ಲೇ 156ನೇ ಒಡಂಬಡಿಕೆಯನ್ನು ರೂಪಿಸಿತು. ಮಕ್ಕಳ ಅಥವಾ ಆರೈಕೆ ಬೇಕಾದ ಹತ್ತಿರದ ಬಂಧುಗಳ ಹೊಣೆಯಿರುವ ಗಂಡಸಾಗಲಿ, ಹೆಂಗಸಾಗಲಿ ಭೇದಭಾವಕ್ಕೆ ಒಳಗಾಗದೆ ಕೆಲಸ ಮಾಡುವಂತಿರಬೇಕು, ಸಂಸಾರದ ಹೊಣೆಯೊಂದನ್ನೇ ಕಾರಣ ಮಾಡಿ ಯಾರನ್ನೂ ಕೆಲಸದಿಂದ ತೆಗೆಯಬಾರದು ಎಂಬುದು ಅದರ ತಿರುಳು. ಭಾರತ ಈ ಒಡಂಬಡಿಕೆಗೆ ಇನ್ನೂ ಸಹಿ ಹಾಕಿ ಒಪ್ಪಿಲ್ಲ. ಆದರೆ ಅದರ ಹಲವು ಅಂಶಗಳು ದೇಶದ ಬೇರೆ ಬೇರೆ ಕಾನೂನುಗಳಲ್ಲಿ ಈಗಾಗಲೇ ಇವೆ.

ಶ್ರಾವಕ ಧರ್ಮದ ಮಾತು

ಕಾನೂನಿಗೆ ಮೊದಲು ಧರ್ಮದ ಮಾತು. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳಿವೆ ಎಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಪ್ರವಚನಗಳಲ್ಲಿ ಇವುಗಳನ್ನು ವಿವರಿಸುವಾಗ ಸಾಮಾನ್ಯವಾಗಿ ಗಾಡಿಯ ಎತ್ತು, ಕುದುರೆಯ ಉದಾಹರಣೆ ಬರುತ್ತದೆ. ಆದರೆ ಈ ಅತಿಚಾರಗಳು ಪಶುಗಳಿಗಷ್ಟೇ ಸೀಮಿತವಲ್ಲ, ಆಶ್ರಯದಲ್ಲಿರುವ ಮನುಷ್ಯರಿಗೂ ಅನ್ವಯಿಸುತ್ತವೆ.

ಅತಿಭಾರಾರೋಪಣ ಎಂದರೆ ಹೊರಲಾರದಷ್ಟು ಹೊರೆ ಹೊರಿಸುವುದು. ಏಳು ತಿಂಗಳ ಗರ್ಭಿಣಿಯನ್ನು ಇಡೀ ದಿನ ನಿಲ್ಲಿಸಿ ಸೀರೆ ತೋರಿಸಲು ಹಚ್ಚುವುದು, ಅರವತ್ತು ಸಮೀಪಿಸಿದ ಆಳಿನಿಂದ ಗೋದಾಮಿನ ಮೂಟೆ ಹೊರಿಸುವುದು, ವಾರದ ರಜೆಯನ್ನೂ ಕೊಡದೆ ತಿಂಗಳೆಲ್ಲ ದುಡಿಸುವುದು ಇದರೊಳಗೇ ಬರುತ್ತವೆ. ಅನ್ನಪಾನನಿರೋಧ ಎಂದರೆ ಹೊತ್ತಿಗೆ ಅನ್ನ ನೀರು ಸಿಗದಂತೆ ಮಾಡುವುದು. ಮಧ್ಯಾಹ್ನದ ಊಟದ ಹೊತ್ತನ್ನು ನಾಲ್ಕು ಗಂಟೆಗೆ ತಳ್ಳುವುದು, ಸಂಬಳವನ್ನು ಹತ್ತು ಹದಿನೈದನೇ ತಾರೀಖಿನವರೆಗೆ ತಡೆಯುವುದು ಅದರ ಈಗಿನ ರೂಪಗಳು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ನೌಕರನ ಒಂದು ಗಂಟೆಯ ದುಡಿಮೆಯನ್ನು ಕೂಲಿ ಕೊಡದೆ ಪಡೆದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಶ್ರಾವಕರೇ ಯೋಚಿಸಬೇಕು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ನಿಯಮವಿರುವ ಯಜಮಾನರು ಸಂಜೆ ಐದೂವರೆಗೇ ಗಲ್ಲಾ ಬೇರೆಯವರಿಗೆ ಒಪ್ಪಿಸಿ ಮನೆಗೆ ಹೋಗುತ್ತಾರೆ. ಅದು ಸರಿಯಾದ ಆಚರಣೆ. ಆದರೆ ಅದೇ ಅಂಗಡಿಯ ಹೆಣ್ಣುಮಗಳು ರಾತ್ರಿ ಒಂಬತ್ತಕ್ಕೆ ಶಟರ್ ಎಳೆದ ಮೇಲೆ ಕೊನೆಯ ಬಸ್ಸು ಹಿಡಿದು ಹಳ್ಳಿ ಸೇರಿ, ಹಸಿದು ನಿದ್ದೆಹೋದ ಮಕ್ಕಳನ್ನು ಎಬ್ಬಿಸಿ ಉಣಿಸಬೇಕು. ತನ್ನ ಊಟದ ಹೊತ್ತನ್ನು ಕಾಪಾಡಿಕೊಳ್ಳುವ ವ್ರತಕ್ಕೆ ಮತ್ತೊಬ್ಬರ ಮಕ್ಕಳ ಊಟದ ಹೊತ್ತಿನ ಮೇಲೂ ಕಾಳಜಿ ಇದ್ದರೆ ಮಾತ್ರ ಅದು ಪೂರ್ಣ.

ಅಂಗಡಿಗಳಿಗೆ ಇರುವ ಕಾನೂನು

ರಾಜ್ಯದ ಅಂಗಡಿಗಳಿಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಅನ್ವಯಿಸುತ್ತದೆ. ಅಂಗಡಿ ಚಿಕ್ಕದು, ಆಳುಗಳು ಇಬ್ಬರೇ ಎಂದು ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇದರ ಮುಖ್ಯ ಅಂಶಗಳು ಹೀಗಿವೆ.

ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯ ಕೆಲಸದ ಮಿತಿ. ಅದಕ್ಕಿಂತ ಹೆಚ್ಚು ದುಡಿಸಿದರೆ ಆ ಹೊತ್ತಿಗೆ ಇಮ್ಮಡಿ ಕೂಲಿ ಕೊಡಬೇಕು. ತಿಂಗಳಿಗೆ 15,000 ರೂಪಾಯಿ ಸಂಬಳದ ನೌಕರನಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 72 ರೂಪಾಯಿ. ಹೆಚ್ಚುವರಿ ಗಂಟೆಗೆ 144 ರೂಪಾಯಿ. ವರಮಹಾಲಕ್ಷ್ಮಿ, ದೀಪಾವಳಿ, ಮದುವೆ ಮುಹೂರ್ತಗಳ ಕಾಲದಲ್ಲಿ ಈ ಲೆಕ್ಕವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟರೆ ಇಬ್ಬರಿಗೂ ಜಗಳವಿಲ್ಲ.

ವಾರಕ್ಕೆ ಒಂದು ಪೂರ್ತಿ ದಿನ ರಜೆ ಕಡ್ಡಾಯ. ಆ ದಿನದ ಸಂಬಳ ಹಿಡಿಯುವಂತಿಲ್ಲ. ಇದಲ್ಲದೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳಸಹಿತ ರಜೆ ಸಿಗಬೇಕು. ವರ್ಷದಲ್ಲಿ 300 ದಿನ ದುಡಿದವರಿಗೆ ಅದು 15 ದಿನವಾಗುತ್ತದೆ. ಇದರ ಮೇಲೆ ವರ್ಷಕ್ಕೆ 12 ದಿನಗಳವರೆಗೆ ಕಾಯಿಲೆ, ಅಪಘಾತ ಅಥವಾ ಬೇರೆ ಯಾವುದೇ ಯುಕ್ತ ಕಾರಣಕ್ಕೆ ಸಂಬಳಸಹಿತ ರಜೆ ಪಡೆಯುವ ಅವಕಾಶವನ್ನು ಕಾಯ್ದೆ ಕೊಟ್ಟಿದೆ. ಇಲ್ಲಿ 'ಯುಕ್ತ ಕಾರಣ' ಎಂಬುದು ಬಹಳ ಮುಖ್ಯ. ಮಗುವಿನ ಜ್ವರ, ತಾಯಿಯ ಕಣ್ಣಿನ ಆಪರೇಷನ್, ಶಾಲೆಯ ದಾಖಲಾತಿ ಇವೆಲ್ಲವೂ ಯುಕ್ತ ಕಾರಣಗಳೇ ಎಂದು ಯಜಮಾನರು ಮೊದಲೇ ತೀರ್ಮಾನಿಸಿಕೊಂಡರೆ, ನೌಕರರು ಸುಳ್ಳು ಹೊಟ್ಟೆನೋವು ಹೇಳಬೇಕಾದ ಪ್ರಸಂಗವೇ ಬರುವುದಿಲ್ಲ.

ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರ ಕೊಡಬೇಕು. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಸಂಬಳ ಕೊಡದೆ ತೆಗೆಯುವಂತಿಲ್ಲ. 'ನಾಳೆಯಿಂದ ಬರಬೇಡ' ಎಂದು ಬಾಯಲ್ಲಿ ಹೇಳಿ ಕಳಿಸುವುದು ಕಾನೂನಿಗೆ ಒಪ್ಪುವುದಲ್ಲ.

ಹೆರಿಗೆ ಮತ್ತು ಎಳೆಯ ಮಕ್ಕಳು

ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದೂ 1961ರಲ್ಲೇ. ಆಗ 12 ವಾರವಿದ್ದ ಸಂಬಳಸಹಿತ ರಜೆಯನ್ನು 2017ರ ತಿದ್ದುಪಡಿ 26 ವಾರಕ್ಕೆ ಏರಿಸಿತು. 10 ಅಥವಾ ಹೆಚ್ಚು ನೌಕರರಿರುವ ಅಂಗಡಿ, ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ್ದರೆ ಸಾಕು. 26 ವಾರಗಳಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿರುವವರಿಗೆ 12 ವಾರ. ಮೂರು ತಿಂಗಳೊಳಗಿನ ಮಗುವನ್ನು ದತ್ತು ಪಡೆದ ತಾಯಿಗೂ 12 ವಾರ. ಗರ್ಭಪಾತವಾದರೆ ಆರು ವಾರ.

ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಹೆರಿಗೆ ಸೌಲಭ್ಯದ ನಿಯಮಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. 26 ವಾರ ಮುಂತಾದ ಮುಖ್ಯ ಅಂಶಗಳು ಹಾಗೆಯೇ ಉಳಿದಿವೆ.

'ಅವರು ಖಾಯಂ ನೌಕರರಲ್ಲ, ದಿನಗೂಲಿ' ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಈ ಮಾತಿಗೆ ಸುಪ್ರೀಂ ಕೋರ್ಟ್ 2000ದ ಮಾರ್ಚ್‌ನಲ್ಲೇ ಉತ್ತರ ಕೊಟ್ಟಿದೆ. ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಹೆಂಗಸರ ಪ್ರಕರಣದಲ್ಲಿ, ಖಾಯಂ ಆಗದಿದ್ದರೂ ಹೆರಿಗೆ ಸೌಲಭ್ಯ ಅವರಿಗೆ ಸಿಗಲೇಬೇಕು ಎಂದು ನ್ಯಾಯಾಲಯ ತೀರ್ಪಿತ್ತಿತು. ಅದಕ್ಕೂ ಮೊದಲು, 1981ರಲ್ಲಿ ಏರ್ ಇಂಡಿಯಾ ಗಗನಸಖಿಯರ ಪ್ರಕರಣದಲ್ಲಿ, ಗರ್ಭಿಣಿಯಾದ ಕಾರಣಕ್ಕೆ ಕೆಲಸದಿಂದ ತೆಗೆಯುವ ನಿಯಮ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತ್ತು.

ತಂದೆಯರ ವಿಷಯದಲ್ಲಿ ಕಾನೂನು ಇನ್ನೂ ಹಿಂದಿದೆ. ಸರ್ಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. ಖಾಸಗಿ ಅಂಗಡಿ, ಕಾರ್ಖಾನೆಗಳಿಗೆ ಅಂಥ ನಿಯಮವಿಲ್ಲ. ಹೆಂಡತಿಯ ಹೆರಿಗೆಗೆ ನೌಕರನಿಗೆ ಒಂದು ವಾರ ರಜೆ ಕೊಡಲು ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯವೇನೂ ಇಲ್ಲ.

ಹೆರಿಗೆ ರಜೆಯ ಖರ್ಚು ಯಾರ ತಲೆಗೆ?

ಮದುವೆಯಾದ ಹೊಸದರಲ್ಲಿ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಲವು ಅಂಗಡಿಯವರು ಹಿಂಜರಿಯುತ್ತಾರೆ. ಆರು ತಿಂಗಳು ಕೆಲಸವಿಲ್ಲದೆ ಸಂಬಳ ಕೊಡಬೇಕಾದೀತು ಎಂಬ ಭಯ ಅದಕ್ಕೆ ಕಾರಣ. ಈ ಭಯಕ್ಕೆ ಪರಿಹಾರ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ.

10 ಅಥವಾ ಹೆಚ್ಚು ನೌಕರರಿರುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇ.ಎಸ್.ಐ. ಅನ್ವಯಿಸುತ್ತದೆ. 2019ರ ಜುಲೈನಿಂದ ಮಾಲೀಕರ ವಂತಿಗೆ ಸಂಬಳದ 3.25 ಶೇಕಡಾ, ನೌಕರರದು 0.75 ಶೇಕಡಾ. 15,000 ಸಂಬಳದ ಒಬ್ಬ ನೌಕರಳಿಗೆ ಮಾಲೀಕರು ಕಟ್ಟುವುದು ತಿಂಗಳಿಗೆ 487 ರೂಪಾಯಿ 50 ಪೈಸೆ. ಅವಳು ಕಟ್ಟುವುದು 112 ರೂಪಾಯಿ 50 ಪೈಸೆ. ಹತ್ತು ಜನರಿದ್ದರೆ ಮಾಲೀಕರ ಪಾಲು ತಿಂಗಳಿಗೆ 4,875 ರೂಪಾಯಿ.

ಈಗ ಆ ಹೆಣ್ಣುಮಗಳು ಹೆರಿಗೆಗೆ ಹೋದಳು ಎನ್ನೋಣ. ಇ.ಎಸ್.ಐ. ಇಲ್ಲದಿದ್ದರೆ 26 ವಾರಕ್ಕೆ ಸುಮಾರು 90,000 ರೂಪಾಯಿ ಮಾಲೀಕರ ಕೈಯಿಂದ ಹೋಗುತ್ತದೆ. ಇ.ಎಸ್.ಐ. ಇದ್ದು, ನಿಗದಿಯಾದಷ್ಟು ದಿನದ ವಂತಿಗೆ ಕಟ್ಟಿದ್ದರೆ ಆ ಹಣವನ್ನು ನಿಗಮವೇ ಪೂರ್ತಿ ಸಂಬಳದ ಲೆಕ್ಕದಲ್ಲಿ ಕೊಡುತ್ತದೆ. ಆಗ ಮಾಲೀಕರು ಅದೇ ಸಂಬಳದಲ್ಲಿ ಆರು ತಿಂಗಳಿಗೆ ಬದಲಿ ಆಳನ್ನು ಇಟ್ಟುಕೊಳ್ಳಬಹುದು. ಇದಲ್ಲದೆ ನೌಕರರ ಗಂಡ ಅಥವಾ ಹೆಂಡತಿ, ಮಕ್ಕಳು, ಆಶ್ರಿತ ತಂದೆತಾಯಿಗಳಿಗೂ ಚಿಕಿತ್ಸೆ ಸಿಗುತ್ತದೆ. ಮನೆಯಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ ಬಂದಾಗ ಯಜಮಾನರ ಬಳಿ ಐವತ್ತು ಸಾವಿರ ಸಾಲ ಕೇಳುವ ಪರಿಸ್ಥಿತಿ ಇದರಿಂದ ಬಹಳ ಮಟ್ಟಿಗೆ ತಪ್ಪುತ್ತದೆ.

ಹನ್ನೆರಡು ಜನರಿದ್ದರೂ ಪುಸ್ತಕದಲ್ಲಿ ಎಂಟೇ ಹೆಸರು ತೋರಿಸಿ ಇ.ಎಸ್.ಐ. ತಪ್ಪಿಸುವ ಅಭ್ಯಾಸ ಕೆಲವು ಕಡೆ ಇದೆ. ತಿಂಗಳಿಗೆ ಐದು ಸಾವಿರ ಉಳಿಸಲು ಹೋಗಿ ಯಜಮಾನರು ತಮ್ಮ ಮೇಲೆ ಲಕ್ಷಗಳ ಹೊಣೆಯನ್ನು ಎಳೆದುಕೊಳ್ಳುವ ಲೆಕ್ಕ ಅದು. ವ್ಯಾಪಾರ ಬಲ್ಲವರು ಇಂಥ ಲೆಕ್ಕ ಮಾಡಬಾರದು. ಸತ್ಯಾಣುವ್ರತದ ದೃಷ್ಟಿಯಿಂದಂತೂ ಅದು ಸಲ್ಲದು.

ನರಸಾಪುರ ಕಲಿಸಿದ ಪಾಠ

ಮುಳಬಾಗಿಲಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ನರಸಾಪುರವಿದೆ. 2020ರ ಡಿಸೆಂಬರ್ 12ರ ಮುಂಜಾನೆ ಅಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ದಾಂಧಲೆ ನಡೆಸಿದ ಸುದ್ದಿ ದೇಶವನ್ನೇ ದಾಟಿ ಹೋಯಿತು. ಗಾಜು, ಯಂತ್ರ, ವಾಹನಗಳು ಹಾಳಾದವು. ಬಹಳ ಜನರ ಬಂಧನವಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸುವಂತಿಲ್ಲ. ಆದರೆ ಅದರ ಹಿಂದಿನ ಕಾರಣವನ್ನು ತಿಳಿಯದೆ ಬಿಡುವಂತೆಯೂ ಇಲ್ಲ.

ಕೆಲವೇ ತಿಂಗಳಲ್ಲಿ ಅಲ್ಲಿ ಸಾವಿರಾರು ಜನರನ್ನು, ಅದರಲ್ಲೂ ಹೆಚ್ಚಿನವರನ್ನು ಗುತ್ತಿಗೆದಾರರ ಮೂಲಕ, ಸೇರಿಸಿಕೊಳ್ಳಲಾಗಿತ್ತು. ಪಾಳಿಯನ್ನು 12 ಗಂಟೆಗೆ ಏರಿಸಲಾಗಿತ್ತು. ಹೇಳಿದ ಸಂಬಳ ಕೈಗೆ ಬರುತ್ತಿಲ್ಲ, ಹೆಚ್ಚುವರಿ ದುಡಿಮೆಯ ಲೆಕ್ಕ ಸರಿಯಿಲ್ಲ ಎಂಬುದು ಕಾರ್ಮಿಕರ ದೂರು. ರಾಜ್ಯದ ಕಾರ್ಖಾನೆಗಳ ಇಲಾಖೆಯ ಪರಿಶೀಲನೆಯಲ್ಲಿ ಹಾಜರಾತಿ ಮತ್ತು ಸಂಬಳದ ನಿರ್ವಹಣೆಯಲ್ಲಿ ಲೋಪಗಳು ಕಂಡುಬಂದವು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಡಲಾಗಿಲ್ಲವೆಂದು ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಕಂಪನಿ ಹೊಸ ಆರ್ಡರ್‌ಗಳನ್ನು ತಡೆಹಿಡಿಯಿತು. 2023ರಲ್ಲಿ ಆ ಘಟಕವನ್ನು ಟಾಟಾ ಸಮೂಹ ಕೊಳ್ಳುವ ಒಪ್ಪಂದವಾಯಿತು.

ಸಂಬಳ ಎಂಬುದು ಸಂಸಾರವಂದಿಗನಿಗೆ ಬರೀ ಒಂದು ಅಂಕಿಯಲ್ಲ. ಒಂದನೇ ತಾರೀಖಿಗೆ ಬಾಡಿಗೆ, ಐದಕ್ಕೆ ಸಂಘದ ಕಂತು, ಹತ್ತಕ್ಕೆ ಶಾಲೆಯ ಶುಲ್ಕ ಕಟ್ಟಬೇಕು. ಸಂಬಳ ತಡವಾದರೆ ಇಡೀ ಮನೆಯ ಚಕ್ರ ನಿಲ್ಲುತ್ತದೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ದೊಡ್ಡ ಕಾರ್ಖಾನೆಗೆ ಆದ ಪಾಠ ಚಿಕ್ಕ ಅಂಗಡಿಗೂ ಪಾಠವೇ.

ಸಂದರ್ಶನದಲ್ಲಿ ಕೇಳಬಾರದ ಪ್ರಶ್ನೆಗಳು

2024ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಒಂದು ವರದಿ ಪ್ರಕಟಿಸಿತು. ತಮಿಳುನಾಡಿನ ಶ್ರೀಪೆರಂಬದೂರಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಮದುವೆಯಾದ ಹೆಂಗಸರನ್ನು ಜೋಡಣೆ ಕೆಲಸಕ್ಕೆ ತೆಗೆದುಕೊಳ್ಳದೆ ದೂರವಿಡಲಾಗುತ್ತಿದೆ ಎಂಬುದು ಅದರ ಸಾರ. ಕಂಪನಿ ಆರೋಪವನ್ನು ನಿರಾಕರಿಸಿತು. ಕೇಂದ್ರ ಕಾರ್ಮಿಕ ಸಚಿವಾಲಯ ತಮಿಳುನಾಡು ಸರ್ಕಾರದಿಂದ ವರದಿ ಕೇಳಿತು. ನೇಮಕಾತಿಯಲ್ಲಿ ಗಂಡು ಹೆಣ್ಣೆಂಬ ಭೇದ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು.

ದೂರದ ಕಾರ್ಖಾನೆಯ ಸುದ್ದಿ ಎಂದು ಇದನ್ನು ಬದಿಗಿಡುವ ಮೊದಲು ಊರಿನ ಅಂಗಡಿಗಳ ಮಾತನ್ನು ಕೇಳಬೇಕು. 'ಮದುವೆ ಯಾವಾಗ?', 'ಮಕ್ಕಳು ಆಗಬೇಕಾ ಇನ್ನೂ?', 'ಅತ್ತೆ ಮನೆಯವರು ಕಳಿಸ್ತಾರಾ?' ಎಂಬ ಪ್ರಶ್ನೆಗಳು ಕೆಲಸ ಕೇಳಿ ಬಂದ ಹೆಣ್ಣುಮಗಳಿಗಷ್ಟೇ ಬೀಳುತ್ತವೆ; ಗಂಡಸಿಗೆ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಇಷ್ಟೇ: ಕೆಲಸ ಬರುತ್ತದೆಯೇ, ಅಂಗಡಿಯ ಹೊತ್ತು ಹೊಂದುತ್ತದೆಯೇ, ಸಂಬಳ ಒಪ್ಪಿಗೆಯೇ.

ಇಂದು ಜೈನ ಕುಟುಂಬಗಳ ಹೆಣ್ಣುಮಕ್ಕಳೂ ಬೆಂಗಳೂರಿನ ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸದಲ್ಲಿದ್ದಾರೆ. ಮಗಳಿಗೆ ಅಲ್ಲಿ ಆರು ತಿಂಗಳು ಹೆರಿಗೆ ರಜೆ ಸಿಕ್ಕಾಗ ಸಂತೋಷಪಡುವ ಮನೆಯವರು, ತಮ್ಮ ಅಂಗಡಿಯ ಹೆಣ್ಣುಮಗಳು ಅದೇ ರಜೆ ಕೇಳಿದಾಗ ಮುಖ ಸಿಂಡರಿಸುವುದು ಯಾವ ನ್ಯಾಯ?

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಗಳು

ಸಮಾಜದ ಹೆಚ್ಚಿನ ಅಂಗಡಿಗಳಲ್ಲಿ ಇರುವುದು ಮೂರು, ನಾಲ್ಕು, ಆರು ಜನ. ಹೆರಿಗೆ ಕಾಯ್ದೆ, ಇ.ಎಸ್.ಐ. ಅವರಿಗೆ ಕಡ್ಡಾಯವಲ್ಲ. ಅಲ್ಲಿ ಯಜಮಾನರ ಮನಸ್ಸೇ ಕಾನೂನು. ಇಂಥ ಕಡೆ ಮಾಡಬಹುದಾದ ಕೆಲವು ವ್ಯವಸ್ಥೆಗಳು ಇವು.

ಒಂದು, ನೌಕರರ ನಿಧಿ. ತಲಾ 500 ರೂಪಾಯಿಯಂತೆ ನಾಲ್ಕು ಜನಕ್ಕೆ ತಿಂಗಳಿಗೆ 2,000 ರೂಪಾಯಿಯನ್ನು ಪ್ರತ್ಯೇಕ ಖಾತೆಗೆ ಹಾಕುತ್ತಾ ಬಂದರೆ ವರ್ಷಕ್ಕೆ 24,000, ಮೂರು ವರ್ಷಕ್ಕೆ 72,000 ರೂಪಾಯಿ ಆಗುತ್ತದೆ. ಹೆರಿಗೆ, ಆಪರೇಷನ್, ಸಾವು ನೋವಿನ ಹೊತ್ತಿಗೆ ಅಂಗಡಿಯ ಬಂಡವಾಳಕ್ಕೆ ಕೈ ಹಾಕದೆ ನೆರವಾಗಬಹುದು. ನಿಧಿಯ ಲೆಕ್ಕ ನೌಕರರಿಗೂ ಗೊತ್ತಿರಬೇಕು.

ಎರಡು, ಹೊತ್ತಿನ ಹೊಂದಾಣಿಕೆ. ಶಾಲೆಗೆ ಹೋಗುವ ಮಕ್ಕಳಿರುವವರು ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಏಳಕ್ಕೆ ಹೋಗಲಿ. ಒಂಟಿ ಹುಡುಗರು ಹನ್ನೊಂದಕ್ಕೆ ಬಂದು ಅಂಗಡಿ ಮುಚ್ಚುವವರೆಗೆ ಇರಲಿ. ಹಳ್ಳಿಯ ಕೊನೆಯ ಬಸ್ಸಿನ ಹೊತ್ತನ್ನು ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ಮೂರು, ದೂರದ ಊರಿನ ಹುಡುಗರು. ರಾಜಸ್ಥಾನದಿಂದ ಕರೆತಂದು ಅಂಗಡಿಯಲ್ಲೇ ಊಟ, ವಸತಿ ಕೊಟ್ಟು ಇಟ್ಟುಕೊಂಡ ಹುಡುಗರಿಗೂ ಸಂಸಾರವಿದೆ. ಹೋಗಿ ಬರುವುದಕ್ಕೇ ನಾಲ್ಕು ದಿನ ಬೇಕಾಗುವ ಅವರಿಗೆ ವರ್ಷಕ್ಕೊಮ್ಮೆಯಾದರೂ ಸಾಕಷ್ಟು ದಿನದ ರಜೆ ಒಟ್ಟಿಗೆ ಸಿಗಬೇಕು. ಊಟ ವಸತಿ ಕೊಟ್ಟ ಮಾತ್ರಕ್ಕೆ ಇಪ್ಪತ್ತನಾಲ್ಕು ಗಂಟೆಯೂ ಅವರು ಸೇವೆಗೆ ಸಿದ್ಧರಿರಬೇಕು ಎಂದುಕೊಳ್ಳುವುದು ತಪ್ಪು.

ನಾಲ್ಕು, ಹಬ್ಬದ ರಜೆ. ಮಹಾವೀರ ಜಯಂತಿ, ಪರ್ಯುಷಣದಲ್ಲಿ ಅಂಗಡಿ ಮುಚ್ಚುವಂತೆಯೇ ನೌಕರರ ಹಬ್ಬಕ್ಕೂ ಬಿಡುವು ಬೇಕು. ಮುಳಬಾಗಿಲಿನಂಥ ಊರಿನಲ್ಲಿ ಆಂಜನೇಯ ದೇವಸ್ಥಾನದ ಉತ್ಸವಕ್ಕೆ ಹೋಗುವವರೂ ಇದ್ದಾರೆ, ಹೈದರ್‌ವಲಿ ದರ್ಗಾದ ಉರುಸಿಗೆ ಹೋಗುವವರೂ ಇದ್ದಾರೆ. ವರ್ಷದ ಆರಂಭದಲ್ಲೇ ಎಲ್ಲರೂ ಕೂತು ರಜೆಗಳ ಪಟ್ಟಿ ಮಾಡಿದರೆ ಹಬ್ಬದ ಹಿಂದಿನ ದಿನ ಕಿತ್ತಾಟ ಇರುವುದಿಲ್ಲ.

ಐದು, ಸರ್ಕಾರಿ ಸೌಲಭ್ಯಗಳ ಮಾಹಿತಿ. 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನು ಇ.ಎಸ್.ಐ., ಪಿ.ಎಫ್. ಇಲ್ಲದ ಅಸಂಘಟಿತ ನೌಕರರು ಮಾಡಿಸಿಕೊಳ್ಳಬಹುದು. ಮೊದಲ ಹೆರಿಗೆಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಡಿ 5,000 ರೂಪಾಯಿ ಸಿಗುತ್ತದೆ. ಮೂರು ವರ್ಷ ದಾಟಿದ ಮಕ್ಕಳಿಗೆ ಅಂಗನವಾಡಿ ಇದೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. 'ಬಸ್ ಚಾರ್ಜ್ ಉಳಿಯಿತಲ್ಲ' ಎಂದು ಸಂಬಳದಲ್ಲಿ ಅದನ್ನು ಹಿಡಿಯುವುದು ಮಾತ್ರ ಸಲ್ಲದು.

ಮನೆಗೆಲಸದವರನ್ನೂ ಮರೆಯಬಾರದು. ಅವರಿಗೆ ಕನಿಷ್ಠ ಕೂಲಿ ನಿಗದಿ ಮಾಡಿದ ಮೊದಲ ರಾಜ್ಯ ಕರ್ನಾಟಕ, 2004ರಲ್ಲಿ. ಚಾತುರ್ಮಾಸದ ಅತಿಥಿಗಳು, ಮದುವೆ ಮುಂಜಿಗಳ ಕಾಲದಲ್ಲಿ ಅವರ ಕೆಲಸ ಇಮ್ಮಡಿಯಾಗುತ್ತದೆ. ಕೂಲಿಯೂ ಅದರಂತೆ ಹೆಚ್ಚಬೇಕು.

ಕೇಳಿಬರುವ ಆಕ್ಷೇಪಗಳು

'ಸಡಿಲ ಬಿಟ್ಟರೆ ದುರುಪಯೋಗ ಮಾಡುತ್ತಾರೆ' ಎಂಬುದು ಮೊದಲ ಆಕ್ಷೇಪ. ಕೆಲವರು ಮಾಡಬಹುದು. ಆದರೆ ನಿಯಮ ಬರೆದಿಟ್ಟಿದ್ದರೆ ದುರುಪಯೋಗ ಬೇಗ ಗೊತ್ತಾಗುತ್ತದೆ. ನಿಯಮವೇ ಇಲ್ಲದ ಕಡೆ ಯಜಮಾನರ ಕಣ್ಣಿಗೆ ಬಿದ್ದವರಿಗೆ ರಜೆ, ಬಾಯಿಲ್ಲದವರಿಗೆ ಇಲ್ಲ ಎಂಬಂತಾಗುತ್ತದೆ.

'ಉಳಿದ ನೌಕರರಿಗೆ ಅನ್ಯಾಯ' ಎಂಬುದು ಎರಡನೆಯದು. ಇದರಲ್ಲಿ ಸತ್ಯವಿದೆ. ಒಬ್ಬರು ಬೇಗ ಹೊರಟಾಗ ಅವರ ಕೆಲಸ ಇನ್ನೊಬ್ಬರ ಮೇಲೆ ಬೀಳುತ್ತದೆ. ಹಾಗೆ ಬಿದ್ದ ಕೆಲಸಕ್ಕೆ ಹೆಚ್ಚುವರಿ ಕೂಲಿ ಅಥವಾ ಬದಲಿ ರಜೆ ಕೊಡಬೇಕು. ಮಕ್ಕಳಿಲ್ಲದವನಿಗೂ ವಯಸ್ಸಾದ ತಾಯಿ ಇರಬಹುದು; ಸೌಲಭ್ಯ ತಾಯಂದಿರಿಗಷ್ಟೇ ಎನ್ನದೆ, ಆರೈಕೆಯ ಹೊಣೆಯಿರುವ ಎಲ್ಲರಿಗೂ ಎಂದರೆ ಅಸಮಾಧಾನ ಉಳಿಯುವುದಿಲ್ಲ.

'ಇಷ್ಟೆಲ್ಲ ಮಾಡಿದರೆ ವ್ಯಾಪಾರ ನಡೆಯುವುದು ಹೇಗೆ?' ಎಂಬುದು ಮೂರನೆಯದು. ಚಿನ್ನದ ಅಂಗಡಿಯಲ್ಲಿ ನಂಬಿಕೆಯ ಕೆಲಸಗಾರ, ಬಟ್ಟೆ ಅಂಗಡಿಯಲ್ಲಿ ಗಿರಾಕಿಯ ಮನಸ್ಸು ಬಲ್ಲ ಹೆಣ್ಣುಮಗಳು ತಯಾರಾಗಲು ವರ್ಷಗಳು ಬೇಕು. ಹೆರಿಗೆಯ ನೆಪದಲ್ಲಿ ಅವಳನ್ನು ಕಳೆದುಕೊಂಡು ಹೊಸಬಳಿಗೆ ಮೊದಲಿನಿಂದ ಕಲಿಸುವುದಕ್ಕೆ ಆಗುವ ನಷ್ಟ, ಹೋದ ಗಿರಾಕಿಗಳ ನಷ್ಟ ಎಲ್ಲವನ್ನೂ ಕೂಡಿಸಿದರೆ ರಜೆಯ ಖರ್ಚು ಚಿಕ್ಕದೇ. ಕಷ್ಟಕಾಲದಲ್ಲಿ ಕೈಹಿಡಿದ ಯಜಮಾನರನ್ನು ನೌಕರರು ನೂರು ರೂಪಾಯಿ ಹೆಚ್ಚು ಕೊಡುವ ಪಕ್ಕದ ಅಂಗಡಿಗೆ ಬಿಟ್ಟು ಹೋಗುವುದು ಕಡಿಮೆ.

ಈ ತಿಂಗಳೇ ಮಾಡಬಹುದಾದದ್ದು

ಸಮಾಜ ಬಾಂಧವರು ಇದಕ್ಕೆ ವಕೀಲರನ್ನೋ ಸಲಹೆಗಾರರನ್ನೋ ಹುಡುಕಬೇಕಾಗಿಲ್ಲ. ಮೊದಲು ಅಂಗಡಿಯ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಬೇಕು. ಎಲ್ಲ ನೌಕರರಿಗೂ ಕನ್ನಡದಲ್ಲಿ ಒಂದು ಪುಟದ ನೇಮಕಾತಿ ಪತ್ರ ಕೊಡಬೇಕು. ಸಂಬಳ, ಕೆಲಸದ ಹೊತ್ತು, ವಾರದ ರಜೆ, ವರ್ಷದ ರಜೆ ಅದರಲ್ಲಿರಲಿ. ತೆಲುಗು, ಹಿಂದಿ ಮಾತ್ರ ಬಲ್ಲವರಿಗೆ ಅದನ್ನು ಓದಿ ಹೇಳಬೇಕು. ಹತ್ತು ಜನರಿದ್ದರೆ ಇ.ಎಸ್.ಐ. ನೋಂದಣಿ ಮಾಡಿಸಬೇಕು. ಕಡಿಮೆ ಇದ್ದರೆ ನೌಕರರ ನಿಧಿಯ ಖಾತೆ ತೆರೆಯಬೇಕು. ಪ್ರತಿಯೊಬ್ಬ ನೌಕರರ ಮನೆಯಲ್ಲಿ ಯಾರ ಆರೈಕೆಯ ಹೊಣೆಯಿದೆ ಎಂಬುದನ್ನು ಒಮ್ಮೆ ಕೇಳಿ ತಿಳಿದುಕೊಳ್ಳಬೇಕು. ಅದನ್ನು ಕೇಳಬೇಕಾದದ್ದು ಕೆಲಸ ಕೊಟ್ಟ ಮೇಲೆ, ನೆರವಾಗುವುದಕ್ಕಾಗಿ; ಕೆಲಸ ಕೊಡುವ ಮೊದಲು, ನಿರಾಕರಿಸುವುದಕ್ಕಾಗಿ ಅಲ್ಲ.

ಬಸದಿಗೆ, ಮಂದಿರಕ್ಕೆ, ಗೋಶಾಲೆಗೆ ಜೈನ ಕುಟುಂಬಗಳು ಉದಾರವಾಗಿ ದಾನ ಕೊಡುತ್ತವೆ. ಆ ದಾನದ ಹಣ ಹುಟ್ಟಿದ್ದು ಅಂಗಡಿಯ ಗಲ್ಲಾದಲ್ಲಿ, ಆ ಗಲ್ಲಾ ತುಂಬುವುದರಲ್ಲಿ ಕೌಂಟರಿನ ಹಿಂದೆ ನಿಂತವರ ದುಡಿಮೆಯೂ ಇದೆ. ಅವರ ಪಾಲು ಅವರಿಗೆ ಸಂದ ಮೇಲೆ ಕೊಟ್ಟ ದಾನವೇ ಶುದ್ಧ ದಾನ.